24ರ ಟೈಮ್‌ಲೈನಿನಲ್ಲಿ ಸಿಕ್ಕಿಬಿದ್ದ ದಿಗಿಣ

ತಪ್ಪು ಹಿಡಿದದ್ದು ನಾನಲ್ಲ, ಮಾಷ್ಟ್ರು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮೊದಲು ಅವರ ಮನೆಯಲ್ಲಿ ನಡೆದ ಹರಕೆ ಆಟವನ್ನು, ಅಂದರೆ ಹರಕೆಯ ಯಕ್ಷಗಾನವನ್ನು, ಮೂರು ಕಡೆಯಿಂದ ರೆಕಾರ್ಡ್ ಮಾಡಿದ್ದೆ. ಐದು ದಿನ ಕೂತು ಎಡಿಟ್ ಮುಗಿಸಿ, ಒಮ್ಮೆ ಬಂದು ನೋಡಿ ಹೋಗಿ ಅಂತ ಕರೆದಿದ್ದೆ. ಅಭಿಮನ್ಯುವಿನ ಪ್ರವೇಶ ಬಂತು. ಪುಂಡುವೇಷ, ಅಂದರೆ ಚುರುಕಿನ ಎಳೆಯ ವೀರನ ವೇಷ, ರಂಗಸ್ಥಳದ ಸುತ್ತ ದಿಗಿಣ (ಸುತ್ತು ತಿರುಗುತ್ತಾ ಹಾರುವ ಕುಣಿತ) ಹಾರುತ್ತಾ ಬರುತ್ತಿದೆ. ಮಾಷ್ಟ್ರು ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಬೆರಳು ನಿಂತಿತು.

"ಎಂತ ಮಾರಾಯ, ಇವ ಇಲ್ಲಿ ಕಾಲು ತಪ್ಪಿದ ಹಾಗೆ ಕಾಣ್ತದಲ್ಲ?"

"ಎಲ್ಲಿ ಮಾಷ್ಟ್ರೇ?"

"ಸುತ್ತು ಬರುವಾಗ. ಒಂದು ಸಲ ಅಲ್ಲ, ಆಗಾಗ. ಎಲ್ಲೋ ತುಂಡಾದ ಹಾಗೆ. ಆವತ್ತು ನಾನು ಎದುರೇ ಕೂತಿದ್ದೆ. ಇವ ಹಾಗೆ ತಪ್ಪುವ ಜನ ಅಲ್ಲ."

ನನ್ನ ಕಂಪ್ಯೂಟರ್ ಸ್ವಲ್ಪ ಹಳೆಯದು, ಪ್ಲೇ ಮಾಡುವಾಗ ಎಳೀತದೆ ಅಂತ ಏನೋ ಹೇಳಿ ಕಾಫಿ ಕೊಟ್ಟು ಕಳಿಸಿದೆ. ಆದರೆ ಮನಸ್ಸಿನಲ್ಲಿ ಹುಳ ಹೊಕ್ಕಿತ್ತು. ರಾತ್ರಿ ಆ ಒಂದು ನಿಮಿಷವನ್ನು ರೆಂಡರ್ ಮಾಡಿ, ಅಂದರೆ ಮುಗಿದ ವಿಡಿಯೋ ಫೈಲಾಗಿ ತೆಗೆದು, ಫೋನಿನಲ್ಲಿ ನೋಡಿದೆ. ಅಲ್ಲೂ ಅದೇ. ಮಾತಿನ ದೃಶ್ಯಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಕುಣಿತ ಶುರುವಾದ ಕೂಡಲೇ ಸೆಕೆಂಡಿಗೊಮ್ಮೆ ಒಂದು ಸಣ್ಣ ಎಡವು.

ಎಲ್ಲಿ ತುಂಡಾಗ್ತಾ ಉಂಟು

ನಾನು ಕೆಲಸ ಮಾಡುವುದು ಡಾವಿಂಚಿ ರಿಸಾಲ್ವ್‌ನಲ್ಲಿ. ವಿಡಿಯೋ ಎಡಿಟ್ ಮಾಡುವ ತಂತ್ರಾಂಶ, ದುಡ್ಡು ಕೊಡದ ಆವೃತ್ತಿ. ಮದುವೆ, ಉಪನಯನ, ಆಟ, ಇಷ್ಟಕ್ಕೆ ಅದೇ ಧಾರಾಳ. ಅಲ್ಟ್ರಾ ಎಚ್‌ಡಿ ಅಳತೆ, ಸೆಕೆಂಡಿಗೆ 60 ಫ್ರೇಮ್ (ಒಂದೊಂದು ಬಿಡಿ ಚಿತ್ರವೂ ಒಂದು ಫ್ರೇಮ್) ತನಕ ರೆಂಡರ್ ಮಾಡಲು ಬಿಡುತ್ತದೆ. ಅದಕ್ಕಿಂತ ದೊಡ್ಡದು ನನ್ನ ಹತ್ತಿರ ಕೇಳುವವರೂ ಇಲ್ಲ.

ಇಂಥ ದೋಷ ಹುಡುಕಲು ಇದರಲ್ಲಿ ಒಂದು ಒಳ್ಳೆಯ ಉಪಾಯ ಉಂಟು. ವರ್ಕ್‌ಸ್ಪೇಸ್ ಮೆನುವಿನಲ್ಲಿ ಡೇಟಾ ಬರ್ನ್-ಇನ್ ಅಂತ. ಅದನ್ನು ತೆರೆದು ಎರಡು ಟಿಕ್ ಹಾಕಿದೆ. ಒಂದು ರೆಕಾರ್ಡ್ ಟೈಮ್‌ಕೋಡ್, ಅಂದರೆ ಟೈಮ್‌ಲೈನಿನ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯ) ಗಡಿಯಾರ. ಇನ್ನೊಂದು ಸೋರ್ಸ್ ಟೈಮ್‌ಕೋಡ್, ಅಂದರೆ ಕ್ಯಾಮೆರಾ ಫೈಲಿನ ಸ್ವಂತ ಗಡಿಯಾರ. ಎರಡೂ ಚಿತ್ರದ ಮೇಲೆಯೇ ಬಂದು ಕೂರುತ್ತವೆ. ಮೂರು ಕ್ಯಾಮೆರಾ ಸೇರಿಸಿದ ಮಲ್ಟಿಕ್ಯಾಮ್ ಬಿಟ್ಟು, ಎದುರಿನ ಕ್ಯಾಮೆರಾದ ಮೂಲ ಕ್ಲಿಪ್ ಒಂದನ್ನೇ ಹೊಸ ಟೈಮ್‌ಲೈನಿಗೆ ಎಳೆದು, ಬಲಬಾಣದ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋದೆ.

ಮೇಲಿನ ಗಡಿಯಾರ: 9, 10, 11, 12, 13. ಕೆಳಗಿನದ್ದು: 9, 10, 11, 13, 14.

12 ಎಲ್ಲಿ ಹೋಯ್ತು? ಮತ್ತೆ ಹಿಂದೆ ಬಂದೆ, ಮತ್ತೆ ಮುಂದೆ ಹೋದೆ. ಇಲ್ಲ. ಮುಂದಿನ ಸೆಕೆಂಡಿನಲ್ಲೂ ಒಂದು ನಾಪತ್ತೆ. ಅದರ ಮುಂದಿನದ್ದರಲ್ಲೂ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಕೊಟ್ಟಿದೆ. ಟೈಮ್‌ಲೈನ್‌ನಲ್ಲಿ 24 ಮನೆ ಮಾತ್ರ. ಆಟದ ವೇಗ ಹೆಚ್ಚುಕಮ್ಮಿ ಆಗಬಾರದಲ್ಲ, ಹಾಗಾಗಿ ರಿಸಾಲ್ವ್ ಪ್ರತಿ ಸೆಕೆಂಡಿಗೆ ಒಬ್ಬನನ್ನು ಬಾಗಿಲಿನಲ್ಲೇ ನಿಲ್ಲಿಸುತ್ತಿದೆ.

ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಷ್ಟು ಸಣ್ಣದು ಮಾಷ್ಟ್ರ ಕಣ್ಣಿಗೆ ಹೇಗೆ ಬಿತ್ತು ಅಂತ ಲೆಕ್ಕ ಹಾಕಿದೆ. ಆ ದಿಗಿಣದಲ್ಲಿ ಒಂದು ಪೂರ್ತಿ ಸುತ್ತಿಗೆ 18 ಫ್ರೇಮ್ ಹಿಡಿದಿತ್ತು. ಅಂದರೆ ಒಂದೊಂದು ಫ್ರೇಮಿಗೆ ಮೈ 20 ಡಿಗ್ರಿ ತಿರುಗುತ್ತದೆ. ನಡುವೆ ಒಂದು ಫ್ರೇಮ್ ಬಿದ್ದುಹೋದರೆ ಒಂದೇ ಏಟಿಗೆ 40 ಡಿಗ್ರಿ. ಗೆಜ್ಜೆ ಕಟ್ಟಿದ ಕಾಲು ಅಲ್ಲಿಂದ ಇಲ್ಲಿಗೆ ಹಾರಿಬಿಡುತ್ತದೆ. ಅರವತ್ತು ವರ್ಷ ಆಟ ನೋಡಿದ ಕಣ್ಣಿಗೆ ಅದು ಕಾಣದೆ ಇರ್ತದಾ?

ತಪ್ಪು ಆದದ್ದು ಮೊದಲ ಹತ್ತು ಸೆಕೆಂಡಿನಲ್ಲಿ

ಹೇಗಾಯ್ತು ಅಂತ ನೆನಪು ಮಾಡಿಕೊಂಡೆ. ಹೊಸ ಪ್ರಾಜೆಕ್ಟ್ ತೆರೆದೆ. ಹಾರ್ಡ್‌ಡಿಸ್ಕಿನಿಂದ ಫೋಲ್ಡರ್ ಎಳೆದು ಮೀಡಿಯಾ ಪೂಲ್‌ಗೆ ಹಾಕಿದೆ. ಒಂದು ಚೌಕ ಎದ್ದು ಬಂತು. ಈ ಕ್ಲಿಪ್ಪಿನ ಫ್ರೇಮ್ ರೇಟ್ ಪ್ರಾಜೆಕ್ಟಿನದ್ದಕ್ಕೆ ಹೊಂದುವುದಿಲ್ಲ, ಬದಲಾಯಿಸಲಾ ಅಂತ ಕೇಳುತ್ತಿತ್ತು. ಎರಡು ಬಟನ್. ಚೇಂಜ್, ಡೋಂಟ್ ಚೇಂಜ್. ಹೊರಗೆ ಮಳೆಗಾಳಿ ಏಳುತ್ತಿತ್ತು, ಕರೆಂಟ್ ಹೋಗುವುದರೊಳಗೆ ಕಾಪಿ ಮುಗಿಸುವ ಆತುರ. ಗೊತ್ತಿಲ್ಲದ ಪ್ರಶ್ನೆಗೆ ಬೇಡ ಅನ್ನುವುದೇ ಕ್ಷೇಮ ಅಂತ ಡೋಂಟ್ ಚೇಂಜ್ ಒತ್ತಿದೆ.

ರಿಸಾಲ್ವ್‌ನಲ್ಲಿ ಹೊಸ ಪ್ರಾಜೆಕ್ಟ್ ಹುಟ್ಟುವುದೇ 24ರಲ್ಲಿ. ಅದರಲ್ಲಿ ಆಶ್ಚರ್ಯ ಇಲ್ಲ. ಈ ತಂತ್ರಾಂಶ ಶುರುವಾದದ್ದು ಸಿನಿಮಾಗಳಿಗೆ ಬಣ್ಣ ತಿದ್ದುವ ಯಂತ್ರವಾಗಿ. ಮೆಲ್ಬರ್ನ್‌ನ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ 2009ರಲ್ಲಿ ಕೊಂಡುಕೊಂಡ ಮೇಲೆಯೇ ಅದು ನಮ್ಮಂಥವರ ಮೇಜಿನ ತನಕ ಬಂದದ್ದು. ಸಿನಿಮಾಕ್ಕೆ ಮಾತು ಬಂದ ಕಾಲದಿಂದಲೂ ಅಲ್ಲಿ 24ರದ್ದೇ ರಾಜ್ಯ. ತಪ್ಪು ಅದರದ್ದಲ್ಲ. ಅದು ಕೇಳಿತ್ತು. ಓದದೆ ಉತ್ತರ ಕೊಟ್ಟವನು ನಾನು.

ಈಗ ಶಿಫ್ಟ್ ಜೊತೆ 9 ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದೆ. ಮಾಸ್ಟರ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಲೈನ್ ಫ್ರೇಮ್ ರೇಟ್. 24. ಬೂದು ಬಣ್ಣಕ್ಕೆ ತಿರುಗಿ ಕೂತಿದೆ, ಒತ್ತಿದರೆ ಅಲುಗುವುದಿಲ್ಲ. ಮೀಡಿಯಾ ಒಳಗೆ ಬಂದ ಮೇಲೆ ಅದಕ್ಕೆ ಬೀಗ. ಅದರ ಪಕ್ಕದಲ್ಲೇ ಇರುವ ರೆಸಲ್ಯೂಶನ್ ಬೇಕಾದಾಗ ಬದಲಾಯಿಸಬಹುದು. ಬಣ್ಣದ ಸೆಟ್ಟಿಂಗ್ ಬದಲಾಯಿಸಬಹುದು. ಕ್ಯಾಶ್ ಫೋಲ್ಡರ್ ಬದಲಾಯಿಸಬಹುದು. ಇದೊಂದು ಆಗುವುದಿಲ್ಲ.

ರೆಂಡರ್ ಮಾಡುವಾಗ 25 ಅಂತ ಕೊಟ್ಟರೆ ಸಾಲದಾ ಅಂತ ಗೆಳೆಯನೊಬ್ಬ ಕೇಳಿದ. ಸಾಲುವುದಿಲ್ಲ. ಬಿದ್ದುಹೋದ 12ನೇ ಫ್ರೇಮ್ ವಾಪಸ್ ಬರುವುದಿಲ್ಲ. ಇರುವ 24ರಲ್ಲೇ ಒಂದನ್ನು ಎರಡು ಸಲ ತೋರಿಸಿ 25 ಮಾಡಿಕೊಡುತ್ತದೆ, ಅಷ್ಟೇ. ಎಡವಿದ ಮೇಲೆ ಒಂದು ಸಲ ನಿಂತ ಹಾಗೆ.

ಮೊದಲ ರಿಪೇರಿ, ಕೆಟ್ಟದ್ದು

ಪ್ರಾಜೆಕ್ಟಿನ ಫ್ರೇಮ್ ರೇಟಿಗೆ ಬೀಗ ಇದ್ದರೂ ಹೊಸ ಟೈಮ್‌ಲೈನಿಗೆ ಬೇರೆ ರೇಟ್ ಕೊಡಬಹುದು. ಹೊಸ ಟೈಮ್‌ಲೈನ್ ಮಾಡುವ ಚೌಕದಲ್ಲಿ ಯೂಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆದರೆ ಫಾರ್ಮ್ಯಾಟ್ ಅನ್ನುವ ಪುಟ ತೆರೆಯುತ್ತದೆ. ಅಲ್ಲಿ 25 ಕೊಟ್ಟೆ. ಹಳೆಯದರಿಂದ ಎಲ್ಲ ಸೆಲೆಕ್ಟ್, ಕಾಪಿ, ಹೊಸದರಲ್ಲಿ ಪೇಸ್ಟ್. ಇಷ್ಟು ಸುಲಭವಾ ಅಂತ ಖುಷಿಯಲ್ಲಿ ಪ್ಲೇ ಒತ್ತಿದೆ.

ಮೊದಲಿಗಿಂತ ಹಾಳು.

ಕಾರಣ ಹೊಳೆಯಲು ಅರ್ಧ ಗಂಟೆ ಹಿಡಿಯಿತು. ನಾನು ಕಟ್ ಮಾಡಿದ್ದು ಕ್ಯಾಮೆರಾದ ಕ್ಲಿಪ್ಪುಗಳನ್ನಲ್ಲ, ಅವನ್ನು ಸೇರಿಸಿ ಕಟ್ಟಿದ ಮಲ್ಟಿಕ್ಯಾಮ್ ಕ್ಲಿಪ್ಪನ್ನು. ಮಲ್ಟಿಕ್ಯಾಮ್ ಅಂದರೆ ಒಳಗೊಳಗೇ ಒಂದು ಟೈಮ್‌ಲೈನ್. ಅದಕ್ಕೂ ಸ್ವಂತ ಫ್ರೇಮ್ ರೇಟ್ ಉಂಟು. ಅದನ್ನು ಮಾಡಿದ್ದು 24ರಲ್ಲಿ. ಹಾಗಾಗಿ ಒಳಗೆ 25ರಿಂದ ಒಂದು ಫ್ರೇಮ್ ಬಿದ್ದು 24, ಹೊರಗೆ ಬರುವಾಗ ಒಂದು ಫ್ರೇಮ್ ಎರಡು ಸಲ ಬಂದು 25. ಗೆಳೆಯ ಹೇಳಿದ ಉಪಾಯವನ್ನೇ ನಾನು ಸುತ್ತುಬಳಸಿ ಮಾಡಿದ್ದೆ. ಬೇರೆ ಅಂಗಿ ತೊಡಿಸಿದ್ದೆ, ಒಳಗಿನ ಗಾಯ ಹಾಗೇ ಇತ್ತು.

ಆ ರಾತ್ರಿ ತೀರ್ಮಾನ ಮಾಡಿದೆ. ಹೊಸ ಪ್ರಾಜೆಕ್ಟ್, ಮೊದಲಿನಿಂದ. ಆದರೆ ಈ ಸಲ ಒಂದೇ ಒಂದು ಕ್ಲಿಪ್ ಒಳಗೆ ಹಾಕುವ ಮೊದಲು ಪ್ರಾಜೆಕ್ಟ್ ಸೆಟ್ಟಿಂಗ್ಸ್.

25 ಯಾಕೆ

ಸಾಮಾನು ಏನೇನಿತ್ತು ಅಂತ ಮೊದಲು ಹೇಳಬೇಕು. ಎದುರಿನ ಕ್ಯಾಮೆರಾ, ರಂಗಸ್ಥಳದಿಂದ ಸುಮಾರು 20 ಮೀಟರ್ ದೂರ, 4ಕೆ ಅಳತೆ, 25 ಫ್ರೇಮ್. ಬಲಗಡೆ ಹತ್ತಿರದಲ್ಲಿ ಇನ್ನೊಂದು, 1080ರಲ್ಲಿ 50 ಫ್ರೇಮ್. ಹಿಮ್ಮೇಳದ ಕಡೆ ನನ್ನ ಭಾವನ ಫೋನ್, ಭಾಗವತರು ಮತ್ತು ಚೆಂಡೆ ಮದ್ದಳೆಯವರ ಮೇಲೆ. ಅದು 30 ಫ್ರೇಮ್. ಮೈಕ್ ಸೆಟ್‌ನವರ ಮಿಕ್ಸರಿನಿಂದ ವೈರ್ ಎಳೆದು ಒಂದು ಆಡಿಯೋ ರೆಕಾರ್ಡರ್. ಇಡೀ ರಾತ್ರಿಯದ್ದಲ್ಲ, ಕಾಲಮಿತಿಯ ಆಟ, ಆದರೂ ಐದೂವರೆ ಗಂಟೆ.

ಯೂಟ್ಯೂಬಿನಲ್ಲಿ ಪಾಠ ಹೇಳುವವರಲ್ಲಿ ಜಾಸ್ತಿ ಜನ 24 ಇಡಿ, ಸಿನಿಮಾದ ಹಾಗೆ ಕಾಣ್ತದೆ ಅನ್ನುತ್ತಾರೆ. ಅವರ ಊರಿನಲ್ಲಿ ಸರಿ ಇರಬಹುದು. ನಮ್ಮ ಲೆಕ್ಕ ಬೇರೆ. ನಮ್ಮ ತಂತಿಯಲ್ಲಿ ಬರುವುದು 50 ಹರ್ಟ್ಸ್ ಕರೆಂಟ್. ಟಿವಿ ಬಂದಾಗ ಅದರ ಅರ್ಧ, 25 ಫ್ರೇಮನ್ನೇ ಹಿಡಿದುಕೊಂಡರು. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಬಂದ ಪಾಲ್ ಪದ್ಧತಿಯೂ ಇದೇ 25ರದ್ದು. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್, ಹಾಗಾಗಿ ಅವರ ಟಿವಿ 30ರ ಹತ್ತಿರ. 1953ರಲ್ಲಿ ಅವರು ಬಣ್ಣ ಸೇರಿಸುವಾಗ ಅದು 29.97 ಆಯ್ತು. ಆ ವಿಚಿತ್ರ ಸಂಖ್ಯೆ ಇವತ್ತಿಗೂ ಎಲ್ಲ ಸಾಫ್ಟ್‌ವೇರುಗಳ ಪಟ್ಟಿಯಲ್ಲಿ ಕೂತು ಹೊಸಬರನ್ನು ಹೆದರಿಸುತ್ತಾ ಉಂಟು.

ಕ್ಯಾಮೆರಾಗಳ ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಇರುವುದು ಇದಕ್ಕೇ. ಪಾಲ್ ಇಟ್ಟರೆ 25, 50, 100. ಎನ್‌ಟಿಎಸ್‌ಸಿ ಇಟ್ಟರೆ 24, 30, 60. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತದೆ. ಶಟರ್ ಸೆಕೆಂಡಿನ 50ರಲ್ಲಿ ಒಂದು ಪಾಲು ತೆರೆದಿದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡೆರಡು ಮಿಣುಕು ಸಿಗುತ್ತದೆ, ಬೆಳಕು ಸಮ. 30 ಫ್ರೇಮಿನಲ್ಲಿ ಶಟರ್ 60ರಲ್ಲಿ ಒಂದು ಇಟ್ಟರೆ ಒಂದು ಫ್ರೇಮಿಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ, ಚಿತ್ರ ನಡುಗುತ್ತದೆ. ನಿಜ ಹೇಳಬೇಕೆಂದರೆ ಇದು ಮುಖ್ಯವಾಗಿ ಶಟರಿನ ವಿಷಯ. 24ರಲ್ಲೂ ಶಟರ್ 50ಕ್ಕೆ ಇಟ್ಟರೆ ಬೆಳಕು ಸರಿಯೇ ಬರುತ್ತದೆ. ಆದರೆ ಪಾಲ್‌ನಲ್ಲಿ ಇಟ್ಟ ಕ್ಯಾಮೆರಾದಿಂದ 25 ಮತ್ತು 50 ಬಂದಿರುವಾಗ ಟೈಮ್‌ಲೈನ್ 25 ಬಿಟ್ಟು ಬೇರೆ ಇಡುವುದು ಸುಮ್ನೆ ಹಟ. 50 ಅದರೊಳಗೆ ಚೊಕ್ಕವಾಗಿ ಕೂರುತ್ತದೆ, ಒಂದು ಬಿಟ್ಟು ಒಂದು. ಉಳಿದದ್ದು ಫೋನಿನ 30 ಮಾತ್ರ.

ಫೋನಿನ ಫೈಲ್

ಇದಕ್ಕೇ ಒಂದು ದಿನ ಹೋಯ್ತು.

ಫೋನಿನ 30 ನಿಜವಾದ 30 ಅಲ್ಲ. ಬೆಳಕು, ಬಿಸಿ, ಅದರ ಮೂಡ್ ನೋಡಿಕೊಂಡು ಒಮ್ಮೆ 29.9, ಒಮ್ಮೆ 30.1, ಹೀಗೆ ಏರಿಳಿಯುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಇದು ಅರಗುವುದಿಲ್ಲ, ಮುಂದೆ ಹೋದ ಹಾಗೆ ಚಿತ್ರ ಮತ್ತು ಸೌಂಡ್ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹಾಗಾಗಿ ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಹಾಕಿ ಮೊದಲು ಅದನ್ನು ಒಂದೇ ಸಮನಾದ 30ಕ್ಕೆ ತಂದೆ. 25ಕ್ಕೇ ಇಳಿಸಬಹುದಿತ್ತು. ಆದರೆ ಒಮ್ಮೆ ಬಿಸಾಡಿದ ಫ್ರೇಮ್ ಮತ್ತೆ ಸಿಗುವುದಿಲ್ಲ ಅನ್ನುವ ಪಾಠ ಆಗಷ್ಟೇ ಕಲಿತಿದ್ದೆ, ಅಲ್ವಾ.

ಪರಿವರ್ತನೆ ಮಾಡಿದ್ದು ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್ ಅನ್ನುವ, ಎಡಿಟಿಂಗಿಗೆ ಅಂತಲೇ ಇರುವ ಫೈಲ್ ಬಗೆಗೆ, 10 ಬಿಟ್. 1080ರಲ್ಲಿ ಗಂಟೆಗೆ ಸುಮಾರು 100 ಜಿಬಿ ನುಂಗುತ್ತದೆ. ಪುಣ್ಯಕ್ಕೆ ಭಾವನ ಫೋನಿನಲ್ಲಿ ಜಾಗ ಮುಗಿದು ಒಂದು ಗಂಟೆ ಹತ್ತು ನಿಮಿಷಕ್ಕೇ ನಿಂತಿತ್ತು. ಆವತ್ತು ಬೈದಿದ್ದೆ. ಈಗ ಮನಸ್ಸಿನಲ್ಲೇ ಕೈ ಮುಗಿದೆ.

10 ಬಿಟ್ ಯಾಕೆ ಅಂದರೆ ಆ ಫೋನ್ ಎಚ್‌ಡಿಆರ್‌ನಲ್ಲಿ, ಅಂದರೆ ಮಾಮೂಲಿಗಿಂತ ಹೆಚ್ಚಿನ ಬೆಳಕು ನೆರಳಿನ ವ್ಯಾಪ್ತಿಯಲ್ಲಿ, ಹಿಡಿದಿತ್ತು. ಹಳೆಯ ಪ್ರಾಜೆಕ್ಟಿನಲ್ಲಿ ಭಾಗವತರ ಬಿಳಿ ಅಂಗಿ, ಮುಂಡಾಸು ಎಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ನಾನು ಅದನ್ನು ಎಕ್ಸ್‌ಪೋಶರ್ ಜಾಸ್ತಿ ಆಗಿದೆ ಅಂದುಕೊಂಡು ಎಳೆದೆಳೆದು ಕಪ್ಪು ಮಾಡಿದ್ದೆ. ಹೊಸ ಪ್ರಾಜೆಕ್ಟಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕಲರ್ ಸೈನ್ಸ್‌ನಲ್ಲಿ ಡಾವಿಂಚಿ ವೈಆರ್‌ಜಿಬಿ ಕಲರ್ ಮ್ಯಾನೇಜ್ಡ್ ಆರಿಸಿದೆ. ಆಟೋಮ್ಯಾಟಿಕ್ ಟಿಕ್ ಹಾಗೇ ಇಟ್ಟು, ಮೋಡ್ ಎಸ್‌ಡಿಆರ್, ಔಟ್‌ಪುಟ್ ಎಸ್‌ಡಿಆರ್ ರೆಕ್.709, ಅಂದರೆ ಮಾಮೂಲಿ ಟಿವಿಯ ಬಣ್ಣ. ಆಮೇಲೆ ಫೋನಿನ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಪುಟ್ ಕಲರ್ ಸ್ಪೇಸ್ ರೆಕ್.2100 ಎಚ್‌ಎಲ್‌ಜಿ (ಆ ಫೋನಿನ ಎಚ್‌ಡಿಆರ್ ಬಗೆ) ಅಂತ ಹೇಳಿದೆ. ಅಷ್ಟೇ. ಸುಣ್ಣ ಹೋಯ್ತು. ಅಂಗಿಯ ನೆರಿಗೆ ಕಾಣಿಸಿತು, ಚೆಂಡೆಯ ಚರ್ಮದ ಮೇಲೆ ಕೋಲು ಬಿದ್ದೂ ಬಿದ್ದೂ ಆದ ಕಲೆ ಕೂಡ ಕಾಣಿಸಿತು. ಇದನ್ನು ಮೊದಲೇ ಇಡಬೇಕು. ಬಣ್ಣ ತಿದ್ದಿದ ಮೇಲೆ ಇಟ್ಟರೆ ತಿದ್ದಿದ್ದೆಲ್ಲ ಅಡಿಮೇಲಾಗುತ್ತದೆ.

ಉಳಿದದ್ದು 30ನ್ನು 25ಕ್ಕೆ ಕೂರಿಸುವ ಕೆಲಸ. ಸೆಕೆಂಡಿಗೆ ಐದು ಫ್ರೇಮ್ ಬೀಳಲೇಬೇಕು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ರೀಟೈಮ್ ಪ್ರೋಸೆಸ್ ಅಂತ ಉಂಟು. ನಿಯರೆಸ್ಟ್, ಫ್ರೇಮ್ ಬ್ಲೆಂಡ್, ಆಪ್ಟಿಕಲ್ ಫ್ಲೋ. ಕೊನೆಯದು ಎರಡು ಫ್ರೇಮಿನ ನಡುವಿನ ಚಿತ್ರವನ್ನು ಲೆಕ್ಕ ಹಾಕಿ ತಾನೇ ಬಿಡಿಸುತ್ತದೆ. ಭಾಗವತರು ತಲೆ ಅಲ್ಲಾಡಿಸುವಾಗ ಬೆಣ್ಣೆಯ ಹಾಗೆ ಬಂತು. ಚೆಂಡೆ ಶುರುವಾದ ಕೂಡಲೇ ಕೋಲುಗಳು ರಬ್ಬರ್ ಆದವು! ಬಗ್ಗುತ್ತವೆ, ನಡುವೆ ಕರಗುತ್ತವೆ, ಒಮ್ಮೆ ಮೂರು ಕೋಲು ಕಂಡವು. ವಾಪಸ್ ನಿಯರೆಸ್ಟ್‌ಗೆ ಬಂದೆ. ಹಿಮ್ಮೇಳದಲ್ಲಿ ಎಲ್ಲರೂ ಕೂತೋ ನಿಂತೋ ಇರುವವರು, ಓಡಾಟ ಇಲ್ಲ. ಕೋಲಿನ ವೇಗದಲ್ಲಿ ಒಂದು ಫ್ರೇಮ್ ಬಿದ್ದರೂ ಗೊತ್ತಾಗುವುದಿಲ್ಲ.

ಬಾಕಿ ಸೆಟ್ಟಿಂಗುಗಳು, ಬೇಗ ಬೇಗ

ಟೈಮ್‌ಲೈನ್ ರೆಸಲ್ಯೂಶನ್ 1920×1080. ಕೇಳಿದ್ದು ಅಷ್ಟೇ. 4ಕೆ ಕ್ಯಾಮೆರಾದ ಚಿತ್ರವನ್ನು ಎರಡು ಪಟ್ಟು ಹತ್ತಿರ ಎಳೆದರೂ ಒಡೆಯುವುದಿಲ್ಲ, ಯಾಕೆಂದರೆ ರಿಸಾಲ್ವ್ ಮೂಲ ಫೈಲಿನಿಂದಲೇ ತೆಗೆದುಕೊಳ್ಳುತ್ತದೆ. ಒಬ್ಬನೇ ಎರಡು ಕ್ಯಾಮೆರಾ ನೋಡಿಕೊಳ್ಳುವವನಿಗೆ ಇದು ಮೂರನೇ ಕ್ಯಾಮೆರಾ ಇದ್ದ ಹಾಗೆ.

ಇಮೇಜ್ ಸ್ಕೇಲಿಂಗ್‌ನಲ್ಲಿ ಸ್ಕೇಲ್ ಎಂಟೈರ್ ಇಮೇಜ್ ಟು ಫಿಟ್. ಅದನ್ನು ಮುಟ್ಟಬೇಡಿ. ಸ್ಟ್ರೆಚ್ ಅಂತ ಕೊಟ್ಟರೆ ಅಡ್ಡ ಅಳತೆ ಬೇರೆ ಇರುವ ಕ್ಲಿಪ್‌ಗಳಲ್ಲಿ ಬಣ್ಣದ ವೇಷ ಇನ್ನೂ ಅಗಲ ಆಗುತ್ತದೆ.

ವರ್ಕಿಂಗ್ ಫೋಲ್ಡರ್ಸ್ ಮಾತ್ರ ಗಮನಿಸಿ. ನನ್ನದರಲ್ಲಿ ಕ್ಯಾಶ್ (ತಾತ್ಕಾಲಿಕ ಫೈಲುಗಳು) ಮತ್ತು ಪ್ರಾಕ್ಸಿ (ಎಡಿಟ್ ಮಾಡಲು ಹಗುರವಾದ ನಕಲು) ಎರಡೂ ಸಿ ಡ್ರೈವಿಗೆ ಹೋಗುತ್ತಿದ್ದವು, ಮೂರನೇ ದಿನಕ್ಕೆ ಸಿ ಡ್ರೈವ್ ಕೆಂಪು. ಎಸ್‌ಎಸ್‌ಡಿಯಲ್ಲಿ ಎರಡು ಫೋಲ್ಡರ್ ಮಾಡಿ ಅಲ್ಲಿಗೆ ತೋರಿಸಿದೆ. ಪ್ರಾಕ್ಸಿ ಅಳತೆ ಅರ್ಧ, ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ. ಗಂಟೆಗೆ 16 ಜಿಬಿ ಹತ್ತಿರ. ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ತಯಾರು. ಆಮೇಲೆ 16 ಜಿಬಿ ರ‍್ಯಾಮಿನ ನನ್ನ ಮುದಿ ಯಂತ್ರವೂ ಮೂರು ಕೋನಗಳನ್ನು ಒಟ್ಟಿಗೆ ಎಳೆಯುತ್ತದೆ.

ಲೈವ್ ಸೇವ್ ಮತ್ತು ಪ್ರಾಜೆಕ್ಟ್ ಬ್ಯಾಕಪ್ ಇರುವುದು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಅಲ್ಲ, ಪ್ರಿಫರೆನ್ಸಸ್‌ನಲ್ಲಿ, ಯೂಸರ್ ಪುಟದಲ್ಲಿ. ಎರಡೂ ಆನ್, ಬ್ಯಾಕಪ್ ಹತ್ತು ನಿಮಿಷಕ್ಕೊಮ್ಮೆ. ಜೂನ್ ತಿಂಗಳಿನಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವವರು ಯಾರೂ ಇಲ್ಲ, ಯುಪಿಎಸ್ ಇದ್ದರೂ ಐದು ನಿಮಿಷ. ಜೊತೆಗೆ ದಿನಾ ಸಂಜೆ ಪ್ರಾಜೆಕ್ಟನ್ನು ಡಿಆರ್‌ಪಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಅದರಲ್ಲಿ ವಿಡಿಯೋ ಇರುವುದಿಲ್ಲ, ಕಟ್ಟುಗಳ ಲೆಕ್ಕ ಮಾತ್ರ. ಹಾಗಾಗಿ ಹಿಡಿಯಷ್ಟೇ ಇರುತ್ತದೆ. ರಿಸಾಲ್ವ್ ಪ್ರಾಜೆಕ್ಟನ್ನು ನಿಮ್ಮ ಫೋಲ್ಡರಿನಲ್ಲಿ ಇಡದೆ ತನ್ನದೇ ಲೈಬ್ರರಿಯಲ್ಲಿ ಇಟ್ಟುಕೊಳ್ಳುವುದರಿಂದ, ವಿಡಿಯೋ ಫೋಲ್ಡರ್ ಕಾಪಿ ಮಾಡಿದೆ, ಎಲ್ಲ ಸಿಕ್ಕಿತು ಅಂದುಕೊಳ್ಳುವ ಹಾಗಿಲ್ಲ.

ಎಲ್ಲ ಇಟ್ಟಾದ ಮೇಲೆ ಪ್ರೀಸೆಟ್ಸ್ ಪುಟದಲ್ಲಿ "ಆಟ 25" ಅಂತ ಹೆಸರು ಕೊಟ್ಟು ಸೇವ್ ಮಾಡಿದೆ. ಅದನ್ನೇ ಡೀಫಾಲ್ಟ್ ಮಾಡಿಬಿಟ್ಟೆ. ಇನ್ನು ಹೊಸ ಪ್ರಾಜೆಕ್ಟ್ ಹುಟ್ಟುವುದೇ 25ರಲ್ಲಿ, ನಾನು ಓದಲಿ ಬಿಡಲಿ.

ಚೆಂಡೆಯ ಪೆಟ್ಟು, ಒಂದೂವರೆ ಫ್ರೇಮ್

ಈಗ ಕ್ಲಿಪ್‌ಗಳನ್ನು ಒಳಗೆ ತಂದೆ. ಯಾವ ಚೌಕವೂ ಏಳಲಿಲ್ಲ. ಮಲ್ಟಿಕ್ಯಾಮ್ ಮಾಡುವ ಚೌಕದಲ್ಲೂ ಫ್ರೇಮ್ ರೇಟ್ 25 ಅಂತ ಎರಡು ಸಲ ನೋಡಿಕೊಂಡೆ. ಆ್ಯಂಗಲ್ ಸಿಂಕ್ ಸೌಂಡ್.

ಸೌಂಡಿನಿಂದ ಸಿಂಕ್ ಮಾಡುವುದು ಮದುವೆಯಲ್ಲಿ ಆರಾಮ. ಆಟದಲ್ಲಿ ಒಂದು ತೊಂದರೆ ಉಂಟು. ಚೆಂಡೆ ಒಂದೇ ನಡೆಯನ್ನು ಮತ್ತೆ ಮತ್ತೆ ಬಾರಿಸುತ್ತದೆ, ಸಾಫ್ಟ್‌ವೇರಿಗೆ ಎಲ್ಲ ಆವರ್ತವೂ ಒಂದೇ ಥರ. ಒಂದು ಕ್ಲಿಪ್ಪನ್ನು ಸರಿಯಾಗಿ ಒಂದು ಆವರ್ತ ಪಕ್ಕಕ್ಕೆ ಕೂರಿಸಿತ್ತು. ಕೇಳಲು ಚೊಕ್ಕ, ನೋಡಿದರೆ ಭಾಗವತರ ಬಾಯಿ ಎಲ್ಲೋ, ಪದ ಎಲ್ಲೋ. ಅದನ್ನು ಪದ್ಯದ ಮೊದಲ ಅಕ್ಷರಕ್ಕೆ ಮಾರ್ಕರ್ ಹಾಕಿ ಕೈಯಾರೆ ಕೂರಿಸಿದೆ.

ಇನ್ನೊಂದು ವಿಷಯ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎದುರಿನ ಕ್ಯಾಮೆರಾದ ಚಿತ್ರಕ್ಕೆ ರೆಕಾರ್ಡರಿನ ಸೌಂಡ್ ಹಾಕಿದರೆ ಕೋಲು ಬಿದ್ದ ಮೇಲೆ ಪೆಟ್ಟು ಕೇಳುತ್ತಿತ್ತು. ಸ್ವಲ್ಪವೇ. ಅಲೆಗಳನ್ನು ದೊಡ್ಡದು ಮಾಡಿ ನೋಡಿದರೆ ಎರಡೂ ಸೌಂಡ್ ಒಂದರ ಮೇಲೊಂದು ಸರಿಯಾಗಿ ಕೂತಿವೆ. ಮತ್ತೆಂತ?

ಸೌಂಡ್ ನಡೆದು ಬರಬೇಕಲ್ಲ! ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 20 ಮೀಟರ್ ದೂರದ ಕ್ಯಾಮೆರಾಕ್ಕೆ ತಲುಪಲು 60 ಮಿಲಿಸೆಕೆಂಡ್, ಅಂದರೆ ಒಂದೂವರೆ ಫ್ರೇಮ್. ಕ್ಯಾಮೆರಾ ತಡವಾಗಿ ಕೇಳಿದ ಪೆಟ್ಟನ್ನು, ಮೈಕ್ ಆ ಕ್ಷಣವೇ ಕೇಳಿದ ಪೆಟ್ಟಿಗೆ ಹೊಂದಿಸುವಾಗ ರಿಸಾಲ್ವ್ ಚಿತ್ರವನ್ನೂ ಅಷ್ಟೇ ಹಿಂದಕ್ಕೆ ಎಳೆದಿತ್ತು. ಮಲ್ಟಿಕ್ಯಾಮನ್ನು ಟೈಮ್‌ಲೈನಿನಲ್ಲಿ ತೆರೆದು ಎದುರಿನ ಕ್ಯಾಮೆರಾವನ್ನು ಒಂದು ಫ್ರೇಮ್ ಮುಂದಕ್ಕೆ ತಳ್ಳಿದೆ. ಅರ್ಧ ಫ್ರೇಮ್ ಉಳಿಯಿತು. ಇರಲಿ, ಸಭೆಯಲ್ಲಿ ಕೂತವರಿಗೂ ಹಾಗೇ ಕೇಳುವುದು.

ಉದ್ದ ರೆಕಾರ್ಡಿಂಗಿನಲ್ಲಿ ಎರಡು ಯಂತ್ರದ ಗಡಿಯಾರ ಕೊನೆಯ ತನಕ ಜೊತೆಗೆ ನಡೆಯುವುದಿಲ್ಲ. ಫೋನಿನ ಒಂದು ಗಂಟೆ ಹತ್ತು ನಿಮಿಷದ ಕೊನೆಗೆ ಎರಡು ಫ್ರೇಮ್ ವ್ಯತ್ಯಾಸ ಬಂತು, ನಡುವೆ ಕತ್ತರಿಸಿ ಸರಿ ಮಾಡಿದೆ. ಕ್ಯಾಮೆರಾಗಳು ಅರ್ಧ ಗಂಟೆಗೊಮ್ಮೆ ನಿಂತು ನಾನು ಮತ್ತೆ ಒತ್ತಬೇಕಿತ್ತು, ಹಾಗಾಗಿ ಪ್ರತಿ ತುಂಡೂ ಹೊಸದಾಗಿ ಸಿಂಕ್ ಆಗಿ ಆ ತಾಪತ್ರಯ ಬರಲಿಲ್ಲ.

186 ಕಟ್

ಹಳೆಯ ಎಡಿಟಿನಲ್ಲಿ 186 ಕಟ್ ಇದ್ದವು. ಅವನ್ನು ಹೇಗಾದರೂ ಸಾಗಿಸಬಹುದಾ ಅಂತ ಯೋಚಿಸಿದೆ. 24ರ ಗೆರೆಯ ಮೇಲೆ ಬಿದ್ದ ಕಟ್ 25ರ ಗೆರೆಯ ಮೇಲೆ ಸರಿಯಾಗಿ ಬೀಳುವುದಿಲ್ಲ, ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ. ಪೆಟ್ಟಿನ ಮೇಲೆ ಮಾಡಿದ ಕಟ್ ಆಚೀಚೆ ಆದರೆ ಪ್ರಯೋಜನ ಇಲ್ಲ.

ಕೊನೆಗೆ ಒಂದು ಹಳ್ಳಿ ಉಪಾಯ ಮಾಡಿದೆ. ಹಳೆಯದನ್ನು ಸಣ್ಣ ಅಳತೆಯಲ್ಲಿ ರೆಂಡರ್ ಮಾಡಿ, ಹೊಸ ಟೈಮ್‌ಲೈನಿನ ಮೇಲಿನ ಟ್ರ್ಯಾಕಿನಲ್ಲಿ ಇಟ್ಟು, ಮೂಲೆಗೆ ಚಿಕ್ಕದು ಮಾಡಿದೆ. ಸೌಂಡ್ ಎರಡರಲ್ಲೂ ಒಂದೇ ರೆಕಾರ್ಡರಿನದ್ದು, ಹಾಗಾಗಿ ಹೊಂದಿಸುವುದು ಸುಲಭ. ಮೂಲೆಯ ಚಿತ್ರ ಬದಲಾದ ಕೂಡಲೇ ಇಲ್ಲಿ ಆ ಕ್ಯಾಮೆರಾದ ನಂಬರ್ ಕೀ ಒತ್ತುವುದು, ಆಮೇಲೆ ಪೆಟ್ಟಿಗೆ ಸರಿಯಾಗಿ ಜರುಗಿಸುವುದು. ಎರಡು ರಾತ್ರಿ ಹಿಡಿಯಿತು. ನಡುವೆ ಸುಮಾರು ಇಪ್ಪತ್ತು ಕಟ್ ಬದಲಾಯಿಸಿದೆ. ಐದು ದಿನ ನೋಡಿ ಬೇಜಾರಾಗಿದ್ದ ಎಡಿಟನ್ನು ಮತ್ತೆ ಮಾಡುವಾಗ ಎಲ್ಲಿ ಸುಮ್ಮನೆ ಕ್ಯಾಮೆರಾ ಬದಲಾಯಿಸಿದ್ದೆ ಅಂತ ಚೆನ್ನಾಗಿ ಗೊತ್ತಾಯಿತು. ದಿಗಿಣದ ನಡುವೆ ಇದ್ದ ನಾಲ್ಕು ಕಟ್ ತೆಗೆದುಹಾಕಿದೆ. ಕಾಲು ಪೂರ್ತಿ ಕಾಣಬೇಕು.

ಡೇಟಾ ಬರ್ನ್-ಇನ್ ಮತ್ತೆ ಹಾಕಿ ಒಂದೊಂದೇ ಫ್ರೇಮ್ ನಡೆದೆ. 9, 10, 11, 12, 13. ಕೆಳಗೂ ಅದೇ.

ರೆಂಡರ್ ಎಚ್.264, 10 ಮೆಗಾಬಿಟ್. ಐದೂವರೆ ಗಂಟೆಗೆ 25 ಜಿಬಿ ಹತ್ತಿರ. ಯೂಟ್ಯೂಬ್ 12 ಗಂಟೆ ಅಥವಾ 256 ಜಿಬಿ ತನಕ ತೆಗೆದುಕೊಳ್ಳುವುದರಿಂದ ಅಲ್ಲಿ ತೊಂದರೆ ಇಲ್ಲ. ತೊಂದರೆ ಆದದ್ದು ಮಾಷ್ಟ್ರ ಪೆನ್‌ಡ್ರೈವಿನಲ್ಲಿ. 32 ಜಿಬಿಯದ್ದು, ಜಾಗ ಉಂಟು, ಆದರೂ ಫೈಲ್ ದೊಡ್ಡದಾಯ್ತು ಅಂತ ಹಟ. ಅದು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಆಗಿತ್ತು, 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಅವರ ಹಳೆಯ ಟಿವಿ ಓದುವುದಿಲ್ಲ. ಕೊನೆಗೆ ಪ್ರಸಂಗವನ್ನು ಎಂಟು ತುಂಡು ಮಾಡಿ ಕೊಟ್ಟೆ, ಪ್ರತಿ ತುಂಡೂ ಒಂದು ವೇಷದ ಪ್ರವೇಶದಿಂದ ಶುರು.

ಭಾನುವಾರ ಅವರ ಮನೆಯಲ್ಲೇ ಕೂತು ನೋಡಿದೆವು. ಅಭಿಮನ್ಯು ಬಂದ. ಮಾಷ್ಟ್ರ ಬೆರಳು ಮೊಣಕಾಲಿನ ಮೇಲೆ ಓಡುತ್ತಿತ್ತು. ನಾನು ಟಿವಿ ನೋಡಲಿಲ್ಲ, ಬೆರಳನ್ನೇ ನೋಡುತ್ತಿದ್ದೆ. ದಿಗಿಣ ಶುರುವಾಯ್ತು, ಸುತ್ತು ಸುತ್ತು, ಬೆರಳು ನಿಲ್ಲಲಿಲ್ಲ. ಆಚೆ ಯುದ್ಧದ ದೃಶ್ಯಕ್ಕೆ ಬಂದಾಗ ಒಮ್ಮೆಲೇ ನಿಂತಿತು. ನನ್ನ ಎದೆ ಧಸಕ್ಕಂತು. ರಿಮೋಟ್ ತೆಗೆದುಕೊಂಡು ಹಿಂದೆ ಓಡಿಸಿ ಮತ್ತೆ ನೋಡಿದರು.

"ಇದು ನಿನ್ನದ್ದಲ್ಲ," ಅಂದರು. "ಇಲ್ಲಿ ಅವನೇ ತಪ್ಪಿದ್ದು. ಆವತ್ತು ನನಗೆ ಕಾಣಲೇ ಇಲ್ಲ ನೋಡು."